ಬಾಣದ ತುದಿಗೆ ಎಷ್ಟು ಹಣ? ಸಾಂಪ್ರದಾಯಿಕ ಬಿಲ್ಲುಬೇಟೆಯಲ್ಲಿ ದುಬಾರಿ ಬ್ರಾಡ್‌ಹೆಡ್‌ಗಳು

ಲಾಂಗ್‌ಬೋ ಅಥವಾ ರಿಕರ್ವ್‌ನಂಥ, ರಾಟೆಗಳಿಲ್ಲದ ಸಾಂಪ್ರದಾಯಿಕ ಬಿಲ್ಲು ಹಿಡಿದು ಜಿಂಕೆಯ ಗಾತ್ರದ ಪ್ರಾಣಿಯನ್ನು ಬೇಟೆಯಾಡುವವರಿಗೆ ದುಬಾರಿ ಬ್ರಾಡ್‌ಹೆಡ್, ಅಂದರೆ ಬಾಣದ ತುದಿಗೆ ಕೂರಿಸುವ ಬೇಟೆಯ ಅಲಗು, ಅನಿವಾರ್ಯವಲ್ಲ; ಆದರೆ ತೀರಾ ಅಗ್ಗದ್ದಂತೂ ಖಂಡಿತ ಬೇಡ. ಹಲವು ಬಗೆಯ ಅಲಗುಗಳನ್ನು ಅರದಿಂದ ತೀಡಿ, ಬಾಣದ ಕಡ್ಡಿಗೆ ಕೂರಿಸಿ, ಹೊಡೆದು ನೋಡಿದ ಮೇಲೆ ನನ್ನಲ್ಲಿ ಉಳಿದಿರುವ ಅಭಿಪ್ರಾಯ ಇದು. ಒಂದೇ ಕೆಲಸಕ್ಕೆಂದು ಮಾರುವ ಅಲಗುಗಳ ನಡುವೆ ಬೆಲೆಯ ಅಂತರ ಮೂರು ನಾಲ್ಕು ಪಟ್ಟು ಇರುವಾಗ, ಆ ಹೆಚ್ಚಿನ ಹಣ ಯಾವುದಕ್ಕೆ ಹೋಗುತ್ತದೆ, ಅದರಲ್ಲಿ ಎಷ್ಟು ಪಾಲು ಪ್ರಾಣಿಯ ಮೈಯೊಳಗೆ ಕೆಲಸಕ್ಕೆ ಬರುತ್ತದೆ, ಎಷ್ಟು ಪಾಲು ಡಬ್ಬಿಯ ಅಂದಕ್ಕೆ ಸಲ್ಲುತ್ತದೆ ಎಂಬುದನ್ನು ಬಿಡಿಸಿ ನೋಡಿಯೇ ತೀರ್ಮಾನಿಸಬೇಕಾಗುತ್ತದೆ.

ಮೊದಲು ಬಿಲ್ಲಿನ ಶಕ್ತಿಯ ಲೆಕ್ಕವನ್ನು ನೋಡೋಣ. ರಿಕರ್ವ್ ಬಿಲ್ಲೊಂದು 500 ಗ್ರೇನ್, ಅಂದರೆ ಸುಮಾರು 32 ಗ್ರಾಂ ತೂಕದ ಬಾಣವನ್ನು ಸೆಕೆಂಡಿಗೆ 170 ಅಡಿ ವೇಗದಲ್ಲಿ ಬಿಟ್ಟಿತೆಂದು ಇಟ್ಟುಕೊಂಡರೆ, ಆ ಬಾಣದ ಚಲನಶಕ್ತಿ 43 ಜೂಲ್‌ನಷ್ಟಾಗುತ್ತದೆ. 400 ಗ್ರೇನ್ ಬಾಣವನ್ನು 290 ಅಡಿ ವೇಗದಲ್ಲಿ ಬಿಡುವ, ರಾಟೆಗಳಿರುವ ಆಧುನಿಕ ಕಾಂಪೌಂಡ್ ಬಿಲ್ಲಿನಲ್ಲಿ ಅದು 100 ಜೂಲ್ ದಾಟುತ್ತದೆ. ಸಂವೇಗದ ಲೆಕ್ಕದಲ್ಲಿ ಮಾತ್ರ ಅಂತರ ಅಷ್ಟಿಲ್ಲ; ನಮ್ಮ ಭಾರದ ಬಾಣ ಕಾಂಪೌಂಡಿನ ಹಗುರ ಬಾಣದ ಮುಕ್ಕಾಲು ಪಾಲಿನ ಹತ್ತಿರ ನಿಲ್ಲುತ್ತದೆ. ಹೀಗೆ ಶಕ್ತಿ ಕಡಿಮೆಯಿರುವ ಬಾಣಕ್ಕೆ ಚರ್ಮ, ಸ್ನಾಯು, ಪಕ್ಕೆಲುಬುಗಳನ್ನು ಕಡಿಮೆ ತಡೆಯಲ್ಲಿ ದಾಟುವ ಅಲಗು ಬೇಕು. ಹೊಡೆತಕ್ಕೆ ಬಿಚ್ಚಿಕೊಳ್ಳುವ ಮೆಕ್ಯಾನಿಕಲ್ ಬ್ರಾಡ್‌ಹೆಡ್ ಬಿಚ್ಚಿಕೊಳ್ಳುವುದಕ್ಕೇ ಶಕ್ತಿಯ ಒಂದು ಪಾಲನ್ನು ನುಂಗುವುದರಿಂದ, ಅದು ಎಷ್ಟೇ ದುಬಾರಿಯಾಗಿದ್ದರೂ ಈ ಬಿಲ್ಲುಗಳಿಗೆ ಹೊಂದುವುದಿಲ್ಲ. ಆ ವರ್ಗವನ್ನು ಇಲ್ಲಿಗೇ ಬಿಟ್ಟು, ಸ್ಥಿರ ಅಲಗಿನವುಗಳನ್ನಷ್ಟೇ ನೋಡುತ್ತೇನೆ.

ಬಾಣ ಕೊಲ್ಲುವುದು ಗುಂಡಿನಂತೆ ಆಘಾತದಿಂದಲ್ಲ, ರಕ್ತಸ್ರಾವದಿಂದ. ಎರಡೂ ಶ್ವಾಸಕೋಶಗಳನ್ನು ಹರಿತವಾದ ಅಲಗು ಸೀಳಿಕೊಂಡು ಹೋದರೆ ಜಿಂಕೆ ಕೆಲವೇ ಕ್ಷಣಗಳಲ್ಲಿ ಬೀಳುತ್ತದೆ. ಮೊಂಡು ಅಲಗಾದರೆ ರಕ್ತನಾಳಗಳು ಕತ್ತರಿಸಿಹೋಗದೆ ಅಲಗಿನ ಪಕ್ಕಕ್ಕೆ ಸರಿದುಕೊಳ್ಳುವ ಸಾಧ್ಯತೆಯಿದೆ, ಜಜ್ಜಿದ ಗಾಯದಲ್ಲಿ ರಕ್ತವೂ ಬೇಗ ಹೆಪ್ಪುಗಟ್ಟುತ್ತದೆ. ಪ್ರಾಣಿಯನ್ನು ನರಳಿಸದೆ ಮುಗಿಸಬೇಕೆಂಬ ಹೊಣೆ ಇರುವವರು ಹಾಗಾಗಿ ಅಲಗಿನಲ್ಲಿ ಎಲ್ಲಕ್ಕಿಂತ ಮೊದಲು ಹುಡುಕಬೇಕಾದದ್ದು ಹರಿತವನ್ನು. ದುಬಾರಿ ಅಲಗಿನ ಪರವಾದ ಮೊದಲ ವಾದ ಹುಟ್ಟುವುದೂ ಇಲ್ಲಿಯೇ, ಏಕೆಂದರೆ ಅದು ಡಬ್ಬಿಯಿಂದ ತೆಗೆದ ಕೂಡಲೇ ಮುಂಗೈಯ ಕೂದಲು ಬೋಳಿಸುವಷ್ಟು ಹರಿತವಾಗಿರುತ್ತದೆ. ಸಾಮಾನ್ಯ ಬೆಲೆಯ ಹಲವು ಅಲಗುಗಳು ಹಾಗಿರುವುದಿಲ್ಲ. ಅವುಗಳ ಅಂಚನ್ನು ಕೊಂಡವರೇ ತೀಡಿಕೊಳ್ಳಬೇಕೆಂದು ತಯಾರಕರು ಎಣಿಸಿರುತ್ತಾರೆ.

ಈ ಎರಡನೆಯ ವರ್ಗಕ್ಕೆ ಒಳ್ಳೆಯ ಮಾದರಿ ಅಮೆರಿಕದಲ್ಲಿ 1938ರಿಂದ ತಯಾರಾಗುತ್ತಿರುವ ಜ್ವಿಕಿ ಅಲಗುಗಳು. ಮೊನೆಯ ಕಡೆ ಉಕ್ಕಿನ ತಗಡು ಪದರಪದರವಾಗಿ ಬೆಸೆದಿರುವುದರಿಂದ ಅವುಗಳ ತುದಿ ನೋಟಕ್ಕೆ ಒರಟಾಗಿದ್ದರೂ ಗಟ್ಟಿಯಾಗಿರುತ್ತದೆ. ಉಕ್ಕಿನ ಹದ ಸಾಧಾರಣ ಅರ ಹಿಡಿಯುವಷ್ಟು ಮೃದುವಾಗಿದೆ. ಅರವನ್ನು ಮೇಜಿನ ಮೇಲೆ ಬಿಗಿದು, ಅಲಗನ್ನು ಬಾಣದ ಸಮೇತ ಹಿಡಿದು, ಬುಡದಿಂದ ಮೊನೆಯ ಕಡೆಗೆ ಒಂದೇ ಕೋನದಲ್ಲಿ ಎಳೆಯುತ್ತ ಹೋದರೆ ಮೊದಮೊದಲು ಅರ ಕಿರಗುಟ್ಟುತ್ತ ಜಾರುತ್ತದೆ. ಅಂಚಿನ ಮೇಲಿನ ಬಣ್ಣದ ಲೇಪ ಹೋಗಿ ಬಿಳಿಯ ಲೋಹ ಕಾಣಿಸಿಕೊಂಡಾಗ ಸದ್ದು ಬದಲಾಗುತ್ತದೆ, ಅರ ಕಚ್ಚಿ ಹಿಡಿಯುತ್ತದೆ. ಎದುರು ಬದಿಗೆ ಬೆರಳಿನ ತುದಿಯನ್ನು ಅಡ್ಡಲಾಗಿ ಸವರಿದಾಗ ಕೂದಲೆಳೆಯಂಥ ಲೋಹದ ಎಸಳು ಉದ್ದಕ್ಕೂ ತಗುಲಿದರೆ ಅಂಚು ಕೂಡಿಕೊಂಡಿತೆಂದು ಅರ್ಥ. ಆಮೇಲೆ ಇನ್ನೊಂದು ಬದಿಯನ್ನೂ ಹಾಗೆಯೇ ತೀಡಿ, ಒತ್ತಡ ಕಡಿಮೆ ಮಾಡುತ್ತ ಆ ಎಸಳನ್ನು ತೆಗೆದು, ಕೊನೆಯಲ್ಲಿ ಚರ್ಮದ ಪಟ್ಟಿಗೆ ಉಜ್ಜಿದರೆ ಮುಗಿಯಿತು. ಪರೀಕ್ಷೆಗೆ ಎಳೆದು ಹಿಡಿದ ರಬ್ಬರ್ ಬ್ಯಾಂಡ್ ಸಾಕು. ಅಲಗನ್ನು ಒತ್ತದೆ ಸುಮ್ಮನೆ ತಾಗಿಸಿದಾಗಲೇ ಅದು ತುಂಡಾಗಬೇಕು. ಈ ಕೆಲಸ ಕಲಿತ ಕೈಗೆ ಸಾಮಾನ್ಯ ಅಲಗಿನಿಂದ ಸಿಗುವ ಹರಿತಕ್ಕೂ ಡಬ್ಬಿಯಿಂದ ಬಂದ ದುಬಾರಿ ಹರಿತಕ್ಕೂ ಮೊದಲ ಹೊಡೆತದಲ್ಲಿ ಯಾವ ವ್ಯತ್ಯಾಸವೂ ಇಲ್ಲ.

ವ್ಯತ್ಯಾಸ ಇರುವುದು ಆ ಹರಿತ ಎಷ್ಟು ದೂರ ಉಳಿಯುತ್ತದೆ ಎಂಬುದರಲ್ಲಿ, ಮತ್ತು ಅದು ಉಕ್ಕಿನ ಪ್ರಶ್ನೆ. ಐರನ್ ವಿಲ್ ಕಂಪನಿ ತಯಾರಿಸುವ ಅಲಗುಗಳಲ್ಲಿ ಎ2 ಎಂಬ ಟೂಲ್ ಸ್ಟೀಲ್, ಅಂದರೆ ಉಪಕರಣಗಳಿಗೆ ಬಳಸುವ ಗಡಸು ಉಕ್ಕು, ಬಳಕೆಯಾಗುತ್ತದೆ. ಇಂಥ ಉಕ್ಕನ್ನು ಗಡಸುತನ ಅಳೆಯುವ ರಾಕ್‌ವೆಲ್ ಮಾಪನದಲ್ಲಿ 60ರ ಆಸುಪಾಸಿನವರೆಗೆ ಗಡಸುಗೊಳಿಸಬಹುದು. ಆ ಗಡಸಿಗೆ ಸಾಧಾರಣ ಅರ ಹತ್ತುವುದಿಲ್ಲ, ಗಾಜಿನ ಮೇಲೆಂಬಂತೆ ಜಾರಿಹೋಗುತ್ತದೆ. ವಜ್ರದ ಪುಡಿ ಅಂಟಿಸಿದ ಸಾಣೆಗಲ್ಲು ಬೇಕು, ತಾಳ್ಮೆಯೂ ಬೇಕು. ಪಕ್ಕೆಲುಬನ್ನು ತುಂಡರಿಸಿ ಒಳಹೊಕ್ಕ ಮೇಲೂ ಅಂಚು ಮಡಚಿಕೊಳ್ಳದೆ ಉಳಿಯುವುದು ಇದಕ್ಕೆ ಸಿಗುವ ಪ್ರತಿಫಲ. ಮೃದು ಉಕ್ಕಿನ ಅಲಗು ಎಲುಬಿನಲ್ಲಿ ತನ್ನ ಹರಿತದ ಒಂದಷ್ಟನ್ನು ಬಿಟ್ಟೇ ಶ್ವಾಸಕೋಶವನ್ನು ತಲುಪುತ್ತದೆ. ಜಿಂಕೆಯ ಪಕ್ಕೆಲುಬು ತೆಳುವಾದ್ದರಿಂದ ಅಲ್ಲಿ ಈ ನಷ್ಟ ಗಣನೆಗೆ ಬರುವಷ್ಟಿಲ್ಲ; ಎಲ್ಕ್, ಮೂಸ್‌ನಂಥ ಭಾರೀ ಜಿಂಕೆ ಜಾತಿಗಳ, ಬಲಿತ ಕಾಡುಹಂದಿಗಳ ಮಾತು ಬೇರೆ.

ಅಂಚಿನ ಕೋನವನ್ನೂ ಇದರ ಜೊತೆಗೇ ನೋಡಬೇಕು. ಎರಡೂ ಬದಿ ತೀಡಿದ ಎರಡು ಅಲಗಿನ ಬ್ರಾಡ್‌ಹೆಡ್‌ನಲ್ಲಿ ಬದಿಗೆ 20ರಿಂದ 25 ಡಿಗ್ರಿಯಂತೆ ಒಟ್ಟು ಕೋನ 40ರಿಂದ 50 ಡಿಗ್ರಿ ಆಗುತ್ತದೆ. ಒಂದೇ ಬದಿ ತೀಡುವ ಸಿಂಗಲ್ ಬೆವೆಲ್‌ನಲ್ಲಿ ಒಟ್ಟು ಕೋನವೇ 25 ಡಿಗ್ರಿಯ ಸುಮಾರಿಗೆ ಇಳಿಯುತ್ತದೆ. ಇಷ್ಟು ತೆಳುವಾದ ಅಂಚನ್ನು ಕಳಪೆ ಉಕ್ಕಿನಲ್ಲಿ ಮಾಡಿದರೆ ಅದು ಎಲುಬಿಗೆ ತಾಗಿದ ಕೂಡಲೇ ಸುರುಳಿ ಸುತ್ತಿಕೊಳ್ಳುತ್ತದೆ ಇಲ್ಲವೇ ಚೂರಾಗುತ್ತದೆ. ಆದ್ದರಿಂದ ಸಿಂಗಲ್ ಬೆವೆಲ್ ಬೇಕೆನ್ನುವವರು ಒಳ್ಳೆಯ ಉಕ್ಕಿಗೆ ಹಣ ಕೊಡಲೇಬೇಕು. ಈ ವರ್ಗದಲ್ಲಿ ಅಗ್ಗದ ಮಾಲು ಕೊಳ್ಳುವುದಕ್ಕಿಂತ ಕೊಳ್ಳದಿರುವುದೇ ಲೇಸು. ಇಂಥ ಅಲಗು ಒಳಹೋಗುತ್ತ ಒಂದೇ ದಿಕ್ಕಿಗೆ ತಿರುಗುವುದರಿಂದ ಎಲುಬನ್ನು ತಿರುಚಿ ಸೀಳುತ್ತದೆ ಎಂಬುದು ಅದರ ದೊಡ್ಡ ಗುಣ. ಆದರೆ ಆ ತಿರುಗುವಿಕೆ ಗರಿಗಳು ಬಾಣವನ್ನು ತಿರುಗಿಸುವ ದಿಕ್ಕಿನಲ್ಲೇ ಇರಬೇಕು. ಬಲ ರೆಕ್ಕೆಯ ಗರಿ ಕಟ್ಟಿದ ಬಾಣಕ್ಕೆ ಬಲ ಬೆವೆಲ್, ಎಡಕ್ಕೆ ಎಡ. ಇದನ್ನು ಗಮನಿಸದೆ ದುಬಾರಿ ಡಬ್ಬಿ ತಂದವರು ಬಾಣಗಳಿಗೆಲ್ಲ ಹೊಸದಾಗಿ ಗರಿ ಕಟ್ಟಬೇಕಾಗುತ್ತದೆ.

ಮೂರು ಅಲಗಿನ, ಒಂದೇ ಉಕ್ಕಿನ ಸಲಾಕೆಯಿಂದ ಕಡೆದು ತೆಗೆದ ಬ್ರಾಡ್‌ಹೆಡ್‌ಗಳೂ ಬೆಲೆಯಲ್ಲಿ ಮೇಲಿನ ಸಾಲಿನವೇ. ವಿಪಿಎ ಕಂಪನಿಯವು ಈ ಬಗೆಯವು. ಎಲ್ಲೂ ಬೆಸುಗೆಯಿಲ್ಲದ ಕಾರಣ ಅವು ಸಡಿಲಗೊಳ್ಳುವ ಪ್ರಶ್ನೆಯೇ ಇಲ್ಲ. ಮೂರರಲ್ಲಿ ಎರಡು ಅಲಗುಗಳನ್ನು ಒಟ್ಟಿಗೆ ಸಾಣೆಯ ಮೇಲೆ ಚಪ್ಪಟೆಯಾಗಿ ಇಟ್ಟು ಎಳೆದರೆ ಕೋನ ತಾನಾಗಿಯೇ ಸರಿಯಾಗುವುದರಿಂದ, ತೀಡುವುದರಲ್ಲಿ ಹೊಸಬರಿಗೆ ಇದಕ್ಕಿಂತ ಸುಲಭದ್ದು ಇನ್ನೊಂದಿಲ್ಲ. ಆದರೆ ಹಾಗೆ ಸಿಗುವ ಅಂಚು 60 ಡಿಗ್ರಿಯದು. ಎರಡು ಅಲಗಿನದರಷ್ಟು ತೀಕ್ಷ್ಣವಾಗದು. ಗಾಯ ಅಗಲವಾಗಿ ತೆರೆದುಕೊಳ್ಳುತ್ತದೆ, ಹೆಜ್ಜೆಜಾಡಿನಲ್ಲಿ ರಕ್ತ ಚೆನ್ನಾಗಿ ಕಾಣಿಸುತ್ತದೆ, ಒಳನುಗ್ಗುವ ಆಳ ಮಾತ್ರ ತುಸು ಕಡಿಮೆ. ಬಿಲ್ಲಿನ ಎಳೆತ, ಅಂದರೆ ಹೆದೆಯನ್ನು ಪೂರ್ತಿ ಎಳೆಯಲು ಬೇಕಾದ ಬಲ, 45 ಪೌಂಡಿಗಿಂತ ಕಡಿಮೆ ಇರುವವರಿಗೆ ನಾನು ಇದನ್ನು ಹೇಳಲಾರೆ. ಬದಲಾಯಿಸಬಹುದಾದ ತೆಳು ಬ್ಲೇಡುಗಳನ್ನು ಸಿಕ್ಕಿಸುವ ಬಗೆಯೂ ಒಂದಿದೆ. ತೀಡಲು ಬೇಸರಪಡುವವರಿಗೆ ಅನುಕೂಲವೇ, ಆದರೆ ಭಾರದ ಎಲುಬಿನ ಮುಂದೆ ಆ ತೆಳು ಬ್ಲೇಡುಗಳ ಮೇಲೆ ನನಗೆ ನಂಬಿಕೆಯಿಲ್ಲ.

ದುಬಾರಿ ಅಲಗು ನಿಜವಾಗಿ ಗೆಲ್ಲುವುದು ನೇರದಲ್ಲಿ. ಅಲಗಿನ ಮೊನೆ ಕಡ್ಡಿಯ ನಡುಗೆರೆಯಲ್ಲೇ ನಿಲ್ಲದಿದ್ದರೆ ಹಾರಾಟದಲ್ಲಿ ಗಾಳಿ ಅಲಗನ್ನು ಪಕ್ಕಕ್ಕೆ ತಳ್ಳುತ್ತದೆ, ಬಾಣ ಗರಿಯ ಮಾತು ಕೇಳದೆ ಅಲಗಿನ ಮಾತು ಕೇಳತೊಡಗುತ್ತದೆ. ಬಾಣವನ್ನು ಮೊನೆಯ ಮೇಲೆ ನಿಲ್ಲಿಸಿ ಬುಗುರಿಯಂತೆ ತಿರುಗಿಸಿದರೆ ಸಾಕು, ಅಲಗು ಮತ್ತು ಕಡ್ಡಿ ಕೂಡುವ ಜಾಗದಲ್ಲಿ ಅಲುಗಾಟ ಕಣ್ಣಿಗೆ ಬೀಳುತ್ತದೆ. ಒಳ್ಳೆಯ ಯಂತ್ರಗೆಲಸದ ಅಲಗುಗಳಲ್ಲಿ ಡಬ್ಬಿಯ ಅಷ್ಟೂ ಅಲಗುಗಳು ಅಲುಗದೆ ತಿರುಗುತ್ತವೆ. ಹೆಸರು ಹೇಳುವ ಅಗತ್ಯವಿಲ್ಲದ ಅಗ್ಗದ ನಕಲುಗಳಲ್ಲಿ ನೇರವಾಗಿರುವುದೇ ಅಪರೂಪ, ತೂಕವೂ ಒಂದರಿಂದ ಒಂದಕ್ಕೆ ಹೊಂದುವುದಿಲ್ಲ. ಹೀಗಿದ್ದರೂ ಸಾಂಪ್ರದಾಯಿಕ ಬಿಲ್ಲುಗಾರರಿಗೆ ಇಲ್ಲೊಂದು ಉಪಾಯ ಇದೆ. ಮರದ ಕಡ್ಡಿಗೆ 5 ಡಿಗ್ರಿ ಮೊನಚು ಮಾಡಿ, ಬಿಸಿಗೆ ಕರಗುವ ಅಂಟಿನಿಂದ ಕೂರಿಸುವ ಅಲಗಾದರೆ, ಅಲುಗಾಟ ಕಂಡಾಗ ಮತ್ತೆ ಕಾಯಿಸಿ, ತುಸು ತಿರುಗಿಸಿ, ಒತ್ತಿ ಹಿಡಿದು ಆರಿಸಬಹುದು. ಒಂದೆರಡು ಸಲ ಹೀಗೆ ಮಾಡಿದರೆ ಮಧ್ಯಮ ಬೆಲೆಯ ಅಲಗೂ ದುಬಾರಿ ಅಲಗಿನಷ್ಟೇ ನೆಟ್ಟಗೆ ಕೂರುತ್ತದೆ. ತಿರುಪಿನಿಂದ ಕೂರಿಸುವ ಅಲಗಿನಲ್ಲಿ ಈ ಅವಕಾಶ ಇಲ್ಲದ್ದರಿಂದ, ಕಾರ್ಬನ್ ಕಡ್ಡಿ ಬಳಸುವವರಿಗೆ ಹೆಚ್ಚಿನ ಬೆಲೆಯ ಯಂತ್ರಗೆಲಸ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಆದರೆ ಯಾವ ಅಲಗೂ ಹೊಂದದ ಕಡ್ಡಿಯನ್ನು ಸರಿಪಡಿಸದು. ಸಾಂಪ್ರದಾಯಿಕ ಬಿಲ್ಲಿನಲ್ಲಿ ಬಾಣ ಹಿಡಿಕೆಯ ಪಕ್ಕದಿಂದ ಸುತ್ತಿಕೊಂಡು ಬಾಗುತ್ತ ಹೊರಡುವುದರಿಂದ ಕಡ್ಡಿಯ ಬಿಗಿ ಬಿಲ್ಲಿಗೆ ಸರಿಯಾಗಿ ಹೊಂದಿರಬೇಕು. ಗರಿಯಿಲ್ಲದ ಕಡ್ಡಿಯನ್ನು ಹೊಡೆದು ಅದು ನೆಟ್ಟಗೆ ಹೋಗುವವರೆಗೆ ಉದ್ದವನ್ನೂ ತುದಿಯ ತೂಕವನ್ನೂ ಹೊಂದಿಸಿಕೊಳ್ಳದೆ ದುಬಾರಿ ಅಲಗು ಕೊಳ್ಳುವುದು ವ್ಯರ್ಥ. ಇನ್ನೊಂದು ಗುಪ್ತ ಖರ್ಚು ಇದರಲ್ಲೇ ಅಡಗಿದೆ. ದುಬಾರಿ ಸಿಂಗಲ್ ಬೆವೆಲ್‌ಗಳಲ್ಲಿ ಹಲವು 200 ಗ್ರೇನ್ ಅಥವಾ ಅದಕ್ಕಿಂತ ಹೆಚ್ಚಿನ ತೂಕದವು. 125 ಗ್ರೇನಿಗೆ ಹೊಂದಿಸಿದ ಕಡ್ಡಿಯ ಮುಂದೆ ಅವನ್ನು ಕೂರಿಸಿದರೆ ಕಡ್ಡಿ ಹೆಚ್ಚು ಬಾಗುತ್ತದೆ, ಬಿಗಿಯಾದ ಹೊಸ ಕಡ್ಡಿಗಳನ್ನು ಕೊಳ್ಳಬೇಕಾಗುತ್ತದೆ. ಅಲಗಿನ ಬೆಲೆಯನ್ನು ಮಾತ್ರ ನೋಡಿ ಲೆಕ್ಕ ಹಾಕಿದವರಿಗೆ ಈ ಎರಡನೆಯ ಖರ್ಚು ನಂತರ ಎದುರಾಗುತ್ತದೆ.

ಭಾರದ ಬಾಣ, ಉದ್ದನೆಯ ಕಿರಿದಾದ ಅಲಗು, ಸಿಂಗಲ್ ಬೆವೆಲ್ ಎಂಬ ಒಲವಿಗೆ ಇಂದು ಹೆಚ್ಚಾಗಿ ಆಧಾರವಾಗಿ ತೋರಿಸುವುದು ಡಾ. ಎಡ್ ಆಶ್ಬಿ ಅವರು ಆಫ್ರಿಕಾದಲ್ಲಿಯೂ ಇತರೆಡೆಯೂ ನಡೆಸಿದ ಪ್ರಯೋಗಗಳನ್ನು. ಭಾರದ ಎಲುಬನ್ನು ನೆಚ್ಚಿಕೆಯಿಂದ ಒಡೆದು ಒಳಹೋಗಲು ಬಾಣದ ಒಟ್ಟು ತೂಕ 650 ಗ್ರೇನ್ ಇರಬೇಕು, ಅಲಗಿನ ಉದ್ದ ಅಗಲದ ಮೂರು ಪಟ್ಟು ಇದ್ದರೆ ಉತ್ತಮ ಎಂಬುದು ಅವರ ನಿಲುವು. ಅವರು ಕಾಡೆಮ್ಮೆಯಂಥ ದೊಡ್ಡ ಪ್ರಾಣಿಗಳನ್ನೂ ಕಣ್ಣಮುಂದಿಟ್ಟುಕೊಂಡು ಹೇಳಿದ್ದನ್ನು ಮಾರುವವರು ಜಿಂಕೆಗೂ ಅನ್ವಯಿಸಿ, ಇಂಥ ಅಲಗಿಲ್ಲದೆ ಬೇಟೆಯೇ ಸಾಧ್ಯವಿಲ್ಲವೆಂಬಂತೆ ಜಾಹೀರಾತು ಮಾಡುವುದು ನನಗೆ ಅತಿಯೆನಿಸುತ್ತದೆ. ಹಾಗೆಂದು ಆ ಮಾತಿನಲ್ಲಿ ಹುರುಳಿಲ್ಲವೆಂದಲ್ಲ. ಹತ್ತಿರದಿಂದ ಬಿಟ್ಟ ಬಾಣವೂ ಪ್ರಾಣಿ ಹೆಜ್ಜೆ ಸರಿಸಿದರೆ ಹೆಗಲಿನ ಎಲುಬಿಗೆ ತಾಗಬಹುದು. ಆಗ ಮೃದು ಉಕ್ಕಿನ ಚೂಪು ಮೊನೆ ಮೀನಿನ ಗಾಳದಂತೆ ಬಾಗುತ್ತದೆ, ಬಾಣ ಅಲ್ಲಿಯೇ ನಿಲ್ಲುತ್ತದೆ. ಉಳಿಯ ತುದಿಯಂತೆ ಓರೆಯಾಗಿ ಕತ್ತರಿಸಿದ ಟ್ಯಾಂಟೋ ಮೊನೆಯೂ ಹದವಾದ ಉಕ್ಕೂ ಸೇರಿದ ಅಲಗು ಅಲ್ಲಿ ಕೈಬಿಡುವ ಸಾಧ್ಯತೆ ಕಡಿಮೆ. ದುಬಾರಿ ಅಲಗಿಗೆ ಕೊಡುವ ಹಣದಲ್ಲಿ ನಾನು ಮನಸಾರೆ ಒಪ್ಪುವ ಪಾಲು ಈ ಮೊನೆಯದು.

ಒಪ್ಪದ ಪಾಲು ಕೈಯ ಹಿಂಜರಿಕೆಯದು. ಬೇಟೆಗೆ ಬಳಸುವ ಅಲಗಿನಲ್ಲೇ ಅಭ್ಯಾಸ ಮಾಡಬೇಕು, ಏಕೆಂದರೆ ಅಭ್ಯಾಸಕ್ಕೆ ಬಳಸುವ, ಅಲಗಿಲ್ಲದ ಗುಂಡು ತುದಿಯ ಬಾಣ ಹೋಗುವ ಜಾಗಕ್ಕೇ ಅಲಗಿನ ಬಾಣವೂ ಹೋಗುತ್ತದೆಂಬ ಖಾತರಿಯಿಲ್ಲ. ದುಬಾರಿ ಅಲಗು ಕೊಂಡವರು ಕಲ್ಲಿಗೆ ತಾಗೀತು, ಹುಲ್ಲಿನಡಿ ಕಳೆದುಹೋದೀತು ಎಂದು ಅದನ್ನು ಡಬ್ಬಿಯಲ್ಲೇ ಇಟ್ಟು ಅಭ್ಯಾಸವನ್ನು ಗುಂಡು ತುದಿಯಲ್ಲಿ ಮುಗಿಸುವುದನ್ನು ಕಾಣುತ್ತೇವೆ. ಕೆಲವು ತಯಾರಕರು ಇದಕ್ಕೆ ಪರಿಹಾರವಾಗಿ ಕೆಟ್ಟ ಅಲಗನ್ನು ಬದಲಿಸಿಕೊಡುತ್ತಾರೆ. ಮ್ಯಾಗ್ನಸ್ ಕಂಪನಿಯ ಜೀವಮಾನ ಖಾತರಿ ಇದರಲ್ಲಿ ಹೆಸರಾದದ್ದು, ಅವರ ಬೆಲೆಯೂ ತೀರಾ ಮೇಲಿನದಲ್ಲ. ಬಾಗಿದ ಅಲಗಿಗೆ ಖಾತರಿಯುಂಟು, ಕಳೆದುಹೋದ ಅಲಗಿಗೆ ಯಾರ ಖಾತರಿಯೂ ಇಲ್ಲ.

ನನ್ನ ಬತ್ತಳಿಕೆಯಲ್ಲಿ ಈಗ ಅರಕ್ಕೆ ಹತ್ತುವ ಮಧ್ಯಮ ಬೆಲೆಯ ಎರಡು ಅಲಗಿನವೇ ಹೆಚ್ಚು. ಎಳೆತ ಕಡಿಮೆಯಿದ್ದು ದೊಡ್ಡ ಪ್ರಾಣಿಯ ಬೇಟೆಗೆ ಹೊರಡುವವರು, ಅಥವಾ ತೀಡುವುದನ್ನು ಕಲಿಯಲಾರೆನೆಂದು ಮೊದಲೇ ಗೊತ್ತಿರುವವರು ದುಬಾರಿಯದನ್ನು ಕೊಂಡರೆ ಅವರ ಹಣ ಹಾಳಾಗದು. ಕೊಳ್ಳುವ ಮುನ್ನ ತಮ್ಮ ಬೇಟೆಯ ಪ್ರದೇಶದ ನಿಯಮವನ್ನೂ ನೋಡಿಕೊಳ್ಳಬೇಕು. ಉದಾಹರಣೆಗೆ, ಅಮೆರಿಕದ ಕೊಲೊರಾಡೊದಲ್ಲಿ ಅಲಗಿನ ಅಗಲ ಕನಿಷ್ಠ ಒಂದಿಂಚಿನ ಎಂಟನೇ ಏಳು ಭಾಗ ಇರಬೇಕು, ಇಲ್ಲದಿದ್ದರೆ ಎಷ್ಟು ಒಳ್ಳೆಯ ಉಕ್ಕಾದರೂ ಉಪಯೋಗವಿಲ್ಲ. ಕೊಂಡ ಮೇಲೆ ತುಕ್ಕಿನ ವಿಚಾರ ಒಂದು ಉಳಿಯುತ್ತದೆ. ಇಂಗಾಲ ಹೆಚ್ಚಿರುವ ಉಕ್ಕೂ ಎ2 ಉಕ್ಕೂ ಸ್ಟೇನ್‌ಲೆಸ್ ಅಲ್ಲದ್ದರಿಂದ, ಮಂಜು ಬೀಳುವ ಒಂದೇ ರಾತ್ರಿಯಲ್ಲಿ ಅಂಚಿನ ಮೇಲೆ ಕಂದು ಚುಕ್ಕೆ ಮೂಡಿ ಹರಿತವನ್ನು ತಿನ್ನತೊಡಗುತ್ತದೆ. ಹೊರಡುವ ಮುನ್ನ ಅಂಚಿಗೆ ತೆಳುವಾಗಿ ವ್ಯಾಸಲೀನ್ ಸವರಿ, ಹಿಂದಿರುಗಿದ ಮೇಲೆ ಒರೆಸಿ ಚರ್ಮದ ಪಟ್ಟಿಗೆ ನಾಲ್ಕು ಸಲ ಎಳೆದಿಟ್ಟರೆ ಮರುದಿನಕ್ಕೆ ಅಲಗು ಸಿದ್ಧವಾಗಿರುತ್ತದೆ.