ಚರಂಡಿಗೆ ಸರಿ, ಒರತೆಗೆ ಸಾಲದು: ಒಂದು ಲ್ಯಾಬ್‌ನ ಬಗ್ಗೆ

ಗೋಣಿಕೊಪ್ಪ ಕಡೆಯ ಒಂದು ಖಾಸಗಿ ಲ್ಯಾಬ್ ಇದು. ದೂರೂ ಇರುವುದರಿಂದ ಹೆಸರು ಬೇಡ. ನಮ್ಮ ಹೋಂಸ್ಟೇಗೆ ತೋಟದ ಮೇಲಿನ ಒರತೆಯ ನೀರೇ ಆಧಾರ, ಹಂದಿಗೂಡು ಕೆಳಗಿದೆ. ಒರತೆಯದೊಂದು, ಗೂಡಿನ ಚರಂಡಿಯದೊಂದು ಬಾಟಲಿ ಕೊಟ್ಟು, ಅಲ್ಲಿನ ಬ್ಯಾಕ್ಟೀರಿಯಾಗಳಿಗೆ ಯಾವ ಆ್ಯಂಟಿಬಯಾಟಿಕ್ ನಾಟುತ್ತದೆಂದು ನೋಡಲು ಹೇಳಿದೆ.

ಚರಂಡಿಯ ಕೆಲಸ ಅಚ್ಚುಕಟ್ಟು. ಮಾರನೆಯ ದಿನವೇ ತಟ್ಟೆ ತುಂಬ ಗುಲಾಬಿ ಬಣ್ಣದ ಇ. ಕೋಲೈ, ಕರುಳಿನಲ್ಲಿ ಬದುಕುವ ಬ್ಯಾಕ್ಟೀರಿಯಾ. ತಂತ್ರಜ್ಞೆ ಬೇಸರಿಸದೆ ಇನ್ನೊಂದು ತಟ್ಟೆಯನ್ನು ಬೆಳಕಿಗೆ ಹಿಡಿದರು. ಔಷಧ ಹೀರಿದ ಪುಟ್ಟ ಬಿಳಿ ಬಿಲ್ಲೆಗಳು. ಜೆಂಟಾಮೈಸಿನ್ ಸುತ್ತ ಅಗಲವಾದ ಖಾಲಿ ವೃತ್ತ, ಅಂದರೆ ಔಷಧ ನಾಟಿದೆ; ಟೆಟ್ರಾಸೈಕ್ಲಿನ್ ಬಿಲ್ಲೆಗಾದರೆ ಬ್ಯಾಕ್ಟೀರಿಯಾ ಅಂಚಿನವರೆಗೂ ಒತ್ತಿಕೊಂಡು ಬೆಳೆದಿತ್ತು. "ಅಣ್ಣಾ, ಹಂದಿಗಳ ಆಹಾರಕ್ಕೆ ಏನು ಬೆರೆಸುತ್ತೀರಿ?" ಎಂದು ಕೇಳಿದರು. ಕೇಳಬೇಕಾದ ಪ್ರಶ್ನೆಯೇ. ಹೊಟ್ಟೆ ತುಂಬ ತಿಂದು ಗಿಜಿಗುಡುವ ಕಡೆ ಈ ಜೀವಿಗಳು ಔಷಧ ನಾಟದಂತೆ ಮಾಡುವ ಪ್ರತಿರೋಧದ ಜೀನ್‌ಗಳನ್ನು ಒಂದಕ್ಕೊಂದು ಸುಲಭವಾಗಿ ದಾಟಿಸುತ್ತವೆ. ಔಷಧವೂ ಬಿದ್ದರೆ ಗಟ್ಟಿ ತಳಿಯೇ ಉಳಿಯುತ್ತದೆ. ಪಶು ಆಹಾರದಲ್ಲಿ ಕೊಲಿಸ್ಟಿನ್ ಎಂಬ ಆ್ಯಂಟಿಬಯಾಟಿಕ್‌ನ ಬಳಕೆಯನ್ನು ಸರ್ಕಾರ 2019ರಲ್ಲಿ ನಿಷೇಧಿಸಿದ್ದು ಸುಮ್ಮನೆ ಅಲ್ಲ.

ನನ್ನ ತಕರಾರು ಒರತೆಯ ವರದಿಯದು. "ಬೆಳವಣಿಗೆ ಇಲ್ಲ" ಎಂದು ಒಂದೇ ಸಾಲು. ಇ. ಕೋಲೈ ಇಲ್ಲವೆಂದರೆ ನೀರಿಗೆ ಮಲ ಸೇರಿದ ಗುರುತು ಸಿಕ್ಕಿಲ್ಲ, ಒಪ್ಪಿದೆ. ನಾನು ಕೇಳಿದ್ದು ಅದಲ್ಲವಲ್ಲ! ಪೋಷಕಾಂಶ ತೀರಾ ಕಡಿಮೆಯಿರುವ ನೀರಿಗೆ ಒಗ್ಗಿದ ಜೀವಿಗಳನ್ನು ಸಮೃದ್ಧ ಅಗರ್ (ಬ್ಯಾಕ್ಟೀರಿಯಾ ಬೆಳೆಸುವ ಪೋಷಕ ಜೆಲ್ಲಿ) ಮೇಲೆ, 37 ಡಿಗ್ರಿಯಲ್ಲಿ ಒಂದು ದಿನ ಇಟ್ಟರೆ ಹಲವು ಏಳುವುದೇ ಇಲ್ಲ. ಇಂಥವುಗಳಿಗೆಂದೇ 1985ರಲ್ಲಿ ಆರ್2ಎ ಎಂಬ ಬಡ ಅಗರ್ ಬಂದಿದೆ. ತಂಪಿನಲ್ಲಿ ಐದಾರು ದಿನ ಕಾಯಬೇಕು. ಈ ಲ್ಯಾಬ್‌ನಲ್ಲಿ ಅದಿಲ್ಲ. ಇಲ್ಲವೆಂದು ಬಾಟಲಿ ತೆಗೆದುಕೊಳ್ಳುವಾಗಲೇ ಹೇಳಬಹುದಿತ್ತು, ಹಣವನ್ನಂತೂ ಪೂರ್ತಿ ಪಡೆದರು.

ಶುದ್ಧ ನೀರಿನಲ್ಲಿ ಪ್ರತಿರೋಧ ಎಲ್ಲಿಂದ ಬರಬೇಕು ಎಂದು ಕೌಂಟರಿನವರು ನಕ್ಕರು. ಅಮೆರಿಕದ ನ್ಯೂ ಮೆಕ್ಸಿಕೊದ ಲೆಚುಗಿಯಾ ಗುಹೆ ಸುಮಾರು 40 ಲಕ್ಷ ವರ್ಷ ಹೊರಗಿನ ಸಂಪರ್ಕವಿಲ್ಲದೆ ಇತ್ತು, ತಿನ್ನಲು ಏನೂ ಇಲ್ಲದಂಥ ಜಾಗ. ಅಲ್ಲಿನ ಕೆಲವು ಬ್ಯಾಕ್ಟೀರಿಯಾಗಳಿಗೆ 14 ಆ್ಯಂಟಿಬಯಾಟಿಕ್‌ಗಳು ನಾಟಲಿಲ್ಲವೆಂದು 2012ರಲ್ಲೇ ಪ್ರಕಟವಾಗಿದೆ. ಮಾತ್ರೆ ಬರುವ ಮೊದಲೇ ಸೂಕ್ಷ್ಮಜೀವಿಗಳು ಪರಸ್ಪರ ವಿಷ ಹಾಕಿಕೊಂಡು ಬದುಕಿದ್ದವು.

ಗೂಡು, ಕೊಟ್ಟಿಗೆಯ ಮಾದರಿಗೆ ಧೈರ್ಯವಾಗಿ ಹೋಗಿ. ಬಾಟಲಿಯನ್ನು ಅವರಿಂದಲೇ ಪಡೆದು ಐಸ್ ಪೆಟ್ಟಿಗೆಯಲ್ಲಿ ತನ್ನಿ. ಒರತೆಯ ನೀರಾದರೆ, ಯಾವ ಅಗರ್, ಎಷ್ಟು ದಿನ ಎಂದು ಕೇಳಿದ ಮೇಲೆಯೇ ಹಣ ಕಟ್ಟಿ.