ಟ್ರೇಲರ್ ನಟ್ಟುಗಳಿಗೆ ಇಂಪ್ಯಾಕ್ಟ್ ರೆಂಚೋ, ಟಾರ್ಕ್ ರೆಂಚೋ? ಬಳಸಿ ನೋಡಿ ಬರೆದದ್ದು

ತೀರ್ಮಾನವನ್ನು ಮೊದಲೇ ಹೇಳಿಬಿಡುತ್ತೇನೆ, ಆತುರವಿರುವವರು ಇಲ್ಲಿಗೇ ನಿಲ್ಲಿಸಬಹುದು. ಟ್ರೇಲರ್‌ನ ನಟ್ಟುಗಳನ್ನು ಬಿಚ್ಚುವುದಕ್ಕೆ, ಥ್ರೆಡ್ ಮೇಲೆ ಸಲೀಸಾಗಿ ಓಡಿಸಿ ತಳ ಮುಟ್ಟಿಸುವುದಕ್ಕೆ ಬಡಿತದ ಬಲದಿಂದ ನಟ್ಟು ತಿರುಗಿಸುವ ಯಂತ್ರವಾದ ಇಂಪ್ಯಾಕ್ಟ್ ರೆಂಚ್‌ಗೆ ಸಾಟಿಯಿಲ್ಲ. ಕೊನೆಯ ಬಿಗಿಯನ್ನು ಮಾತ್ರ ಅದಕ್ಕೆ ಬಿಡಬಾರದು, ಅದು ತಿರುಗಿಸುವ ಬಲವನ್ನು, ಅಂದರೆ ಟಾರ್ಕನ್ನು, ಅಳೆದು ಬಿಗಿಯುವ ಟಾರ್ಕ್ ರೆಂಚಿನ ಕೆಲಸ. ಇಂಪ್ಯಾಕ್ಟ್‌ಗೆ ಸಿಕ್ಕಿಸುವ ಟಾರ್ಕ್ ಸ್ಟಿಕ್ ಎಂಬ ಸರಳು ಇವೆರಡರ ನಡುವಿನ ರಾಜಿ. ಹಳೆಯ ವೀಲ್ ಸ್ಪ್ಯಾನರ್ ದಾರಿಯಲ್ಲಿ ಚಕ್ರ ಬದಲಿಸಬೇಕಾದಾಗ ಕೈಗಿರಲಿ, ಉಳಿದ ಕೆಲಸಕ್ಕೆ ಬೇಡ.

ಹೋಲಿಕೆಗೆ ಬಳಸಿದ್ದು ಒಂದೇ ಆಕ್ಸಲ್‌ನ ಸಣ್ಣ ಟ್ರೇಲರ್. ಅರ್ಧ ಅಂಗುಲದ ಸ್ಟಡ್‌ಗಳು, ಅಂದರೆ ನಟ್ಟು ಕೂರುವ ಥ್ರೆಡ್ ಇರುವ ಕಡ್ಡಿಗಳು, ತಳ ಶಂಕುವಿನಂತೆ ಚೂಪಾಗಿರುವ ನಟ್ಟುಗಳು. ಈ ಅಳತೆಯ ಸ್ಟಡ್‌ಗೆ ಆಕ್ಸಲ್ ತಯಾರಕರು ಸಾಮಾನ್ಯವಾಗಿ ಸೂಚಿಸುವುದು 90ರಿಂದ 120 ಅಡಿ-ಪೌಂಡ್, ಅಂದರೆ ಸುಮಾರು 122ರಿಂದ 163 ನ್ಯೂಟನ್ ಮೀಟರ್. ನಾನು 140 ನ್ಯೂಟನ್ ಮೀಟರ್‌ಗೆ ಗುರಿಯಿಟ್ಟೆ, ಮುಂದಿನ ಬಿಗಿಯ ಸಂಖ್ಯೆಗಳೂ ಇದೇ ಅಳತೆಯವು. ನಿಮ್ಮ ಟ್ರೇಲರ್‌ನ ಕೈಪಿಡಿಯಲ್ಲಿ ಬೇರೆ ಸಂಖ್ಯೆ ಇದ್ದರೆ ಅದನ್ನೇ ಹಿಡಿಯಿರಿ.

ಬಿಗಿಯನ್ನು ಹೇಗೆ ಅಳೆದೆ ಎನ್ನುವುದನ್ನು ಹೇಳದಿದ್ದರೆ ಮುಂದಿನ ಮಾತಿಗೆ ಬೆಲೆಯಿಲ್ಲ. ಇಂಪ್ಯಾಕ್ಟ್‌ನಿಂದ ಬಿಗಿದ ನಟ್ಟಿನ ಮೇಲೆ ಹೊಂದಿಸಿದ ಬಿಗಿ ಮುಟ್ಟಿದಾಗ ಸದ್ದು ಮಾಡುವ ಕ್ಲಿಕ್ ಮಾದರಿಯ ಟಾರ್ಕ್ ರೆಂಚ್ ಇಟ್ಟು, ‘ಟಕ್’ ಎಂದೊಡನೆ ಎಲ್ಲವೂ ಸರಿಯಾಗಿದೆ ಎಂದುಕೊಳ್ಳುವವರು ಬಹಳ ಮಂದಿ. 140ಕ್ಕೆ ಹೊಂದಿಸಿದ ರೆಂಚ್ 140ರಲ್ಲಿರುವ ನಟ್ಟಿನ ಮೇಲೂ ಟಕ್ ಎನ್ನುತ್ತದೆ, 250 ಮುಟ್ಟಿದ ನಟ್ಟಿನ ಮೇಲೂ ಟಕ್ ಎನ್ನುತ್ತದೆ. ಸಡಿಲ ಉಳಿದದ್ದನ್ನು ಅದು ಹಿಡಿದುಕೊಡುತ್ತದೆ, ಮಿತಿಮೀರಿ ಬಿಗಿದದ್ದನ್ನು ಹಿಡಿಯಲಾರದು. ಆದ್ದರಿಂದ ನಾನು ಮಾಡಿದ್ದು ಹೀಗೆ: ನಟ್ಟಿನಿಂದ ಚಕ್ರದ ಮೇಲಕ್ಕೆ ಹಾಯುವಂತೆ ಬಣ್ಣದ ಪೆನ್ನಿನಲ್ಲಿ ಗೆರೆ ಎಳೆದು, ನಟ್ಟನ್ನು ಸ್ವಲ್ಪ ಸಡಿಲಿಸಿ, ಮುಳ್ಳಿರುವ ಟಾರ್ಕ್ ರೆಂಚಿನಿಂದ ನಿಧಾನವಾಗಿ ಮತ್ತೆ ಬಿಗಿಯುವುದು. ಗೆರೆಯ ಎರಡು ತುಂಡುಗಳು ಕೂಡಿದಾಗ ಮುಳ್ಳು ಎಲ್ಲಿದೆಯೋ ಅದೇ ಲೆಕ್ಕ. ಪ್ರಯೋಗಾಲಯದ ನಿಖರತೆ ಇದಕ್ಕಿಲ್ಲ, ಆದರೆ ನೂರಿಪ್ಪತ್ತಕ್ಕೂ ಇನ್ನೂರಿಗೂ ಇರುವ ಅಂತರವನ್ನು ಮರೆಮಾಚಲು ಇದು ಬಿಡುವುದಿಲ್ಲ.

ಬ್ಯಾಟರಿಯ ಇಂಪ್ಯಾಕ್ಟ್ ರೆಂಚನ್ನು ಹೀಗೆ ಪರೀಕ್ಷಿಸಿದಾಗ ಒಂದೇ ಚಕ್ರದ ನಟ್ಟುಗಳು ಒಂದಕ್ಕೊಂದು ಸಂಬಂಧವಿಲ್ಲದಂತೆ ಓದಿದವು. ಒಂದು 130ರ ಆಸುಪಾಸು, ಪಕ್ಕದ್ದು 220 ದಾಟಿತ್ತು. ಟ್ರಿಗರ್ ಒತ್ತಿದ ಹೊತ್ತು ಹೆಚ್ಚುಕಡಿಮೆ ಒಂದೇ. ಕಾರಣ ಯಂತ್ರದ ಸ್ವಭಾವದಲ್ಲೇ ಇದೆ. ಒಳಗಿನ ಸುತ್ತಿಗೆ ತಿರುಗುತ್ತ ಬಂದು ಸಾಕೆಟ್ ಹಿಡಿದ ದಂಡವನ್ನು ನಿಮಿಷಕ್ಕೆ ಸಾವಿರಾರು ಸಲ ಬಡಿಯುತ್ತದೆ, ಪ್ರತಿ ಬಡಿತ ನಟ್ಟನ್ನು ಇಷ್ಟಿಷ್ಟೇ ಮುಂದೆ ತಳ್ಳುತ್ತದೆ. ಬಡಿತದ ಶಕ್ತಿಯಲ್ಲಿ ಎಷ್ಟು ಪಾಲು ನಟ್ಟಿಗೆ ತಲುಪುತ್ತದೆ ಎನ್ನುವುದು ಬ್ಯಾಟರಿಯ ಚಾರ್ಜ್, ಸಾಕೆಟ್ ಸವೆದಿರುವುದು, ನಡುವೆ ಎಕ್ಸ್‌ಟೆನ್ಷನ್ ಇರುವುದು, ಸ್ಟಡ್‌ನ ತುಕ್ಕು ಇಷ್ಟರ ಮೇಲೂ ನಿಂತಿದೆ. ಉದ್ದನೆಯ ಎಕ್ಸ್‌ಟೆನ್ಷನ್ ಹಾಕಿದಾಗ ಬಿಗಿ ಇಳಿದದ್ದು ಮುಳ್ಳಿನಲ್ಲಿ ಸ್ಪಷ್ಟವಾಗಿ ಕಾಣಿಸಿತು. ಡಬ್ಬದ ಮೇಲೆ ದಪ್ಪಕ್ಷರದಲ್ಲಿ ಮುದ್ರಿಸಿರುವ ಸಂಖ್ಯೆ ಯಂತ್ರದ ಗರಿಷ್ಠ ಸಾಮರ್ಥ್ಯ, ನಿಮ್ಮ ನಟ್ಟಿಗೆ ಸಿಕ್ಕ ಬಿಗಿ ಅದಲ್ಲ.

ಟಾರ್ಕ್ ರೆಂಚ್ ಕೂಡ ಬೋಲ್ಟಿನ ನಿಜವಾದ ಹಿಡಿತವನ್ನು ಅಳೆಯುವುದಿಲ್ಲ, ತಿರುಗಿಸಲು ಬೇಕಾದ ಬಲವನ್ನಷ್ಟೇ ಅಳೆಯುತ್ತದೆ. ಆ ಬಲದಲ್ಲಿ ಸುಮಾರು ಅರ್ಧ ನಟ್ಟಿನ ತಳದ ಘರ್ಷಣೆಗೆ, ಸುಮಾರು ಶೇಕಡಾ 40 ಥ್ರೆಡ್‌ಗಳ ಘರ್ಷಣೆಗೆ ಖರ್ಚಾಗಿ, ಬೋಲ್ಟನ್ನು ಎಳೆದು ಹಿಡಿತ ಕೊಡಲು ಉಳಿಯುವುದು ಹತ್ತರಲ್ಲಿ ಒಂದು ಪಾಲು. ಹೀಗಿರುವಾಗ ಸ್ಟಡ್‌ಗೆ ಎಣ್ಣೆ ಸವರಿ, ಒಣ ಥ್ರೆಡ್‌ಗೆ ಹೇಳಿದ ಸಂಖ್ಯೆಯನ್ನೇ ಕೊಟ್ಟರೆ ಘರ್ಷಣೆ ತಗ್ಗಿ ಸ್ಟಡ್ ಮೇಲಿನ ಎಳೆತ ಬಹಳ ಏರಿಬಿಡುತ್ತದೆ. ತಂತಿ ಬ್ರಷ್‌ನಿಂದ ತುಕ್ಕು ತೆಗೆದು, ಒಣಬಟ್ಟೆಯಲ್ಲಿ ಒರೆಸಿ ಬಿಗಿಯುವುದೇ ಸರಿ.

ವೀಲ್ ಸ್ಪ್ಯಾನರ್ ಪರ ವಾದಿಸುವವರು ‘ಕೈಯಂದಾಜು’ ಎನ್ನುತ್ತಾರೆ. ಲೆಕ್ಕ ಹಾಕಿ ನೋಡಿ: 30 ಸೆಂಟಿಮೀಟರ್ ಉದ್ದದ ಹಿಡಿಯ ತುದಿಯ ಮೇಲೆ 70 ಕಿಲೋ ತೂಕದವರು ಕಾಲಿಟ್ಟು ನಿಂತರೆ 200 ನ್ಯೂಟನ್ ಮೀಟರ್ ದಾಟುತ್ತದೆ. ಅದೇ ಹಿಡಿಯನ್ನು ಕೈಯಿಂದ ಎಳೆದಾಗ ನನಗೆ ಗುರಿ ಮುಟ್ಟಲಾಗಲಿಲ್ಲ. ಪೈಪು ತೂರಿಸಿದರಂತೂ ಕೇಳುವುದೇ ಬೇಡ.

ಟಾರ್ಕ್ ಸ್ಟಿಕ್ ನನಗೆ ಅಚ್ಚರಿ ತಂದ ವಸ್ತು. ಇಂಪ್ಯಾಕ್ಟ್‌ಗೂ ನಟ್ಟಿಗೂ ನಡುವೆ ನಿಲ್ಲುವ ಈ ಉಕ್ಕಿನ ಸರಳು ಒಂದು ಹಂತದ ನಂತರ ತಾನೇ ತಿರುಚಿಕೊಂಡು ಬಡಿತವನ್ನು ನುಂಗುತ್ತದೆ. ನಟ್ಟುಗಳ ನಡುವಿನ ವ್ಯತ್ಯಾಸ ಎದ್ದು ಕಾಣುವಷ್ಟು ಕಡಿಮೆಯಾಯಿತು. ಆದರೆ ಅದರ ಮೇಲೆ ಬರೆದ ಸಂಖ್ಯೆಯೂ ಬಳಸುವ ಯಂತ್ರದ ಬಲವನ್ನು ನೆಚ್ಚಿಕೊಂಡಿದೆ. ಬಲವಾದ ಯಂತ್ರ ಹಾಕಿದರೆ ಮೀರುತ್ತದೆ, ಬ್ಯಾಟರಿ ಇಳಿದರೆ ಕೆಳಗೇ ನಿಲ್ಲುತ್ತದೆ. ಗುರಿಗಿಂತ ಸಾಕಷ್ಟು ಕೆಳಗಿನ ಸ್ಟಿಕ್ ಆರಿಸಿ, ಉಳಿದದ್ದನ್ನು ಟಾರ್ಕ್ ರೆಂಚ್‌ನಿಂದ ಮುಗಿಸಿದರೆ ವೇಗವೂ ಸಿಗುತ್ತದೆ, ‘ಟಕ್’ ಎಂಬ ಸದ್ದಿಗೂ ಅರ್ಥ ಬರುತ್ತದೆ.

ಟಾರ್ಕ್ ರೆಂಚ್‌ಗಳೊಳಗೇ ನನ್ನ ಒಲವು ಕ್ಲಿಕ್ ಮಾದರಿಯ ಕಡೆಗೆ. ಕೈ ಟಾರ್ಕ್ ರೆಂಚ್‌ಗಳ ಅಂತರರಾಷ್ಟ್ರೀಯ ಮಾನದಂಡವಾದ ಐಎಸ್ಒ 6789ರ ಪ್ರಕಾರ ಇಂಥ ರೆಂಚ್‌ಗೆ ಈ ಅಳತೆಗಳಲ್ಲಿ ಶೇಕಡಾ 4ರಷ್ಟು ತಪ್ಪಿಗೆ ಅವಕಾಶವಿದೆ, ಚಕ್ರದ ನಟ್ಟಿಗೆ ಅದು ಧಾರಾಳವಾಯಿತು. ಮುಳ್ಳಿನ ರೆಂಚ್ ಅಗ್ಗ, ಗಟ್ಟಿಮುಟ್ಟು, ಕೆಡುವಂಥ ಸ್ಪ್ರಿಂಗ್ ಅದರಲ್ಲಿಲ್ಲ. ಆದರೆ ಕಣ್ಣು ಮುಳ್ಳಿನ ನೇರಕ್ಕೇ ಇರಬೇಕು, ಟ್ರೇಲರ್ ಅಡಿಯಲ್ಲಿ ಅಂಗಾತ ಮಲಗಿರುವಾಗ ಅದು ಆಗದ ಮಾತು. ಕ್ಲಿಕ್ ರೆಂಚ್ ಕೊಂಡವರು ಕೆಲಸ ಮುಗಿದ ಮೇಲೆ ಅದರ ಅಳತೆಯನ್ನು ಅತಿ ಕೆಳಗಿನ ಗುರುತಿಗೆ ಇಳಿಸಿಡಬೇಕು, ಒಂದು ಟಕ್ ಕೇಳಿದೊಡನೆ ಕೈ ತೆಗೆಯಬೇಕು.

ಎಷ್ಟು ಬಿಗಿ ಎನ್ನುವುದರ ಜೊತೆಗೆ ಯಾವ ಕ್ರಮದಲ್ಲಿ ಎನ್ನುವುದೂ ಮುಖ್ಯ. ಬಹಳಷ್ಟು ಟ್ರೇಲರ್‌ಗಳಲ್ಲಿ ಚಕ್ರವನ್ನು ನಡುವಿಗೆ ತರುವುದು ನಟ್ಟಿನ ಚೂಪು ತಳಗಳೇ. ಇಂಪ್ಯಾಕ್ಟ್ ಒಂದೇ ನಟ್ಟನ್ನು ಒಮ್ಮೆಲೇ ಕಚ್ಚಿಸಿಬಿಟ್ಟರೆ ಚಕ್ರ ಓರೆಯಾಗಿ ಕೂರುತ್ತದೆ, ಮಿಕ್ಕ ನಟ್ಟುಗಳು ಆ ಓರೆಯನ್ನೇ ಬಿಗಿಹಿಡಿಯುತ್ತವೆ. ಎದುರುಬದುರು ನಟ್ಟುಗಳನ್ನು ಹಿಡಿಯುತ್ತ ಮೊದಲು 30, ಆಮೇಲೆ 75, ಕೊನೆಗೆ 140 ಎಂದು ಮೂರು ಸುತ್ತಿನಲ್ಲಿ ಏರಿಸಿದಾಗ ಚಕ್ರ ತಿರುಗಿಸಿ ನೋಡಿದರೆ ಓಲಾಟ ಇರಲಿಲ್ಲ. ಹೊಸ ಚಕ್ರವಾದರೆ ಬಣ್ಣದ ಪದರ ಅದುಮಿ ಹಿಡಿತ ಕುಗ್ಗುತ್ತದೆ. ಓಡಿಸಿದ ಮೇಲೆ ಸುಮಾರು 16, 40 ಮತ್ತು 80 ಕಿಲೋಮೀಟರ್‌ಗಳಿಗೆ ನಿಲ್ಲಿಸಿ ಮತ್ತೆ ಟಾರ್ಕ್ ನೋಡಬೇಕೆಂದು ತಯಾರಕರು ಹೇಳುವುದು ಇದಕ್ಕೇ.

ಇಂಪ್ಯಾಕ್ಟ್ ಪಕ್ಷದವರಿಗೆ ಒಳ್ಳೆಯ ವಾದ ಸಿಗುವುದು ಹಿಚ್ ಬಾಲ್‌ನಲ್ಲಿ, ಅಂದರೆ ಎಳೆಯುವ ವಾಹನದ ಹಿಂದೆ ಟ್ರೇಲರ್ ಸಿಕ್ಕಿಸುವ ಗುಂಡಿನಲ್ಲಿ. ಒಂದು ಅಂಗುಲದ ಕಾಂಡಕ್ಕೆ ಸಾಮಾನ್ಯವಾಗಿ ಸೂಚಿಸುವುದು 250 ಅಡಿ-ಪೌಂಡ್, ಸುಮಾರು 340 ನ್ಯೂಟನ್ ಮೀಟರ್. ಸಣ್ಣ ಟಾರ್ಕ್ ರೆಂಚ್‌ಗಳ ಅಳತೆ ಅಲ್ಲಿಗೆ ಮುಟ್ಟುವುದಿಲ್ಲ. ಆದರೂ ದೊಡ್ಡ ರೆಂಚ್ ಎರವಲು ತಂದು ಮುಗಿಸುವುದೇ ಮೇಲು, ಹಿಂದೆ ಬರುವ ಇಡೀ ಭಾರ ಆ ಒಂದು ನಟ್ಟಿನ ಮೇಲಿದೆ. ಆಕ್ಸಲನ್ನು ಸ್ಪ್ರಿಂಗಿಗೆ ಬಿಗಿಯುವ ಯು ಆಕಾರದ ಬೋಲ್ಟ್‌ಗಳಲ್ಲಿಯೂ ಇಂಪ್ಯಾಕ್ಟ್ ಒಂದು ಕಾಲನ್ನು ಮುಂದೆ ಎಳೆದು ತಟ್ಟೆಯನ್ನು ವಾಲಿಸುತ್ತದೆ.

ಸಣ್ಣಪುಟ್ಟ ಬೋಲ್ಟ್‌ಗಳಲ್ಲಿ ತೊಂದರೆ ಇನ್ನೊಂದು ಬಗೆಯದು. ನೈಲಾನ್ ಉಂಗುರದ ನಟ್ಟುಗಳನ್ನು ಇಂಪ್ಯಾಕ್ಟ್‌ನಿಂದ ರಭಸವಾಗಿ ಓಡಿಸಿದರೆ ಬಿಸಿಗೆ ಉಂಗುರ ಮೆತ್ತಗಾಗುತ್ತದೆ. ಸ್ಟೇನ್‌ಲೆಸ್ ಬೋಲ್ಟಿನಲ್ಲಂತೂ ಥ್ರೆಡ್‌ಗಳು ಒಂದಕ್ಕೊಂದು ಕಚ್ಚಿಕೊಂಡು, ಮುಂದಕ್ಕೂ ಇಲ್ಲ ಹಿಂದಕ್ಕೂ ಇಲ್ಲ ಎಂಬಂತಾಗಿ, ಕತ್ತರಿಸುವುದೊಂದೇ ದಾರಿ ಉಳಿಯುತ್ತದೆ. ಚೌಕಾಕಾರದ ಟೊಳ್ಳು ಫ್ರೇಮಿನ ಮೂಲಕ ಹಾಯುವ ಬೋಲ್ಟ್ ಬಿಗಿಯುವಾಗ ಗೋಡೆ ಒಳಕ್ಕೆ ಬಾಗತೊಡಗಿದರೆ ಕೈಗೆ ಅದು ತಿಳಿಯುತ್ತದೆ: ಹಿಡಿ ತಿರುಗುತ್ತಲೇ ಇದೆ, ಬಿಗಿ ಮಾತ್ರ ಏರುತ್ತಿಲ್ಲ. ಯಂತ್ರಕ್ಕೆ ಆ ಸ್ಪರ್ಶವಿಲ್ಲ, ಅದು ಬಡಿಯುತ್ತಲೇ ಇರುತ್ತದೆ.

ಇಂಪ್ಯಾಕ್ಟನ್ನು ಹತ್ತಿರಕ್ಕೂ ತರಬಾರದ ಜಾಗ ಒಂದಿದೆ, ಚಕ್ರದ ನಡುವಿನ ಹಬ್ಬಿನೊಳಗೆ (hub) ಬೇರಿಂಗ್ ಹಿಡಿದಿರುವ ನಟ್ಟು. ಹಳೆಯ ಬಗೆಯ ಹಬ್ಬುಗಳಲ್ಲಿ ಚಕ್ರ ತಿರುಗಿಸುತ್ತ ಸುಮಾರು 68 ನ್ಯೂಟನ್ ಮೀಟರ್‌ವರೆಗೆ ಬಿಗಿದು ಬೇರಿಂಗನ್ನು ಕೂರಿಸಿ, ಆಮೇಲೆ ಪೂರ್ತಿ ಸಡಿಲಿಸಿ, ಬೆರಳಿನಿಂದ ಎಷ್ಟಾಗುತ್ತದೋ ಅಷ್ಟೇ ತಿರುಗಿಸಿ, ನಟ್ಟು ತಿರುಗದಂತೆ ತಡೆಯುವ ಕಾಟರ್ ಪಿನ್ನಿನ ರಂಧ್ರ ಸಿಗುವ ಹಾಗೆ ಹೊಂದಿಸಿ ಪಿನ್ ಹಾಕಬೇಕು.