ಹೆಚ್ಚುವರಿ ಸಾವಿನ ಲೆಕ್ಕ: ಐದು ವರ್ಷದ ಸರಾಸರಿಯೋ, ಮರಣದರದ ಗತಿಯೋ?

ಸಾಂಕ್ರಾಮಿಕದಲ್ಲಿ ದೇಶವೊಂದು ನಿಜಕ್ಕೂ ಎಷ್ಟು ಜನರನ್ನು ಕಳೆದುಕೊಂಡಿತು ಎಂದು ತಿಳಿಯಬೇಕಾದರೆ, ಸೋಂಕೇ ಬಾರದಿದ್ದರೆ ಎಷ್ಟು ಸಾವು ಆಗುತ್ತಿತ್ತು ಎಂಬುದನ್ನು ಮೊದಲು ಅಂದಾಜಿಸಬೇಕು. ನಿಜವಾಗಿ ಆದ ಸಾವುಗಳು ಆ ಅಂದಾಜಿಗಿಂತ ಎಷ್ಟು ಹೆಚ್ಚೋ ಅದೇ ಹೆಚ್ಚುವರಿ ಸಾವು. ಕೋವಿಡ್‌ಗೆ 2015–2019ರ ಸರಾಸರಿ ಹಿಡಿಯುವುದು ಸುಲಭ. ಯಾರು ಬೇಕಾದರೂ ಕೂಡಿ ಭಾಗಿಸಿ ನೋಡಬಹುದು. ಆದರೆ ವೃದ್ಧರು ಹೆಚ್ಚುತ್ತಿರುವ ದೇಶದಲ್ಲಿ ಸಾವುಗಳೂ ವರ್ಷದಿಂದ ವರ್ಷಕ್ಕೆ ಏರುತ್ತವೆ. ಸರಾಸರಿ ಆ ಸಹಜ ಏರಿಕೆಯನ್ನೂ ಸಾಂಕ್ರಾಮಿಕದ ತಲೆಗೇ ಕಟ್ಟುತ್ತದೆ. ಹಿಂದಿನ ವರ್ಷಗಳ ಏರಿಳಿತದ ಗತಿಯನ್ನು ಮುಂದಕ್ಕೆ ಎಳೆಯುವ ಮಾದರಿಯಲ್ಲಿ ಈ ದೋಷವಿಲ್ಲ. ಆದರೆ ಕೊನೆಯ ವರ್ಷ ಫ್ಲೂ ಕಡಿಮೆಯಿದ್ದರೆ ಅದೊಂದೇ ಇಡೀ ರೇಖೆಯನ್ನು ಕೆಳಗೆ ಬಾಗಿಸೀತು.

ನನ್ನ ಆಯ್ಕೆ, ವಯೋವಾರು ಮರಣದರದ (ಪ್ರತಿ ವಯೋಗುಂಪಿನಲ್ಲಿ ಇಷ್ಟು ಜನರಿಗೆ ಇಷ್ಟು ಸಾವು ಎಂಬ ಲೆಕ್ಕದ) ಗತಿ. ವಯಸ್ಸಿನ ದಾಖಲೆ ಇಲ್ಲದಿದ್ದರೆ ಮಾತ್ರ ಸರಾಸರಿ. ಕೋವಿಡ್‌ನಿಂದ ಎಂದು ವರದಿಯಾದ ಸಾವುಗಳನ್ನಷ್ಟೇ ನಂಬಬೇಡಿ: 2020–21ರಲ್ಲಿ ಜಗತ್ತಿನಾದ್ಯಂತ ವರದಿಯಾದದ್ದು ಸುಮಾರು 54 ಲಕ್ಷ, ವಿಶ್ವ ಆರೋಗ್ಯ ಸಂಸ್ಥೆ ಅಂದಾಜಿಸಿದ ಹೆಚ್ಚುವರಿ ಸಾವು ಸುಮಾರು 1.49 ಕೋಟಿ.